ಕಡಲ ದೈತ್ಯನಿಗೆ, ಜೆ.ಪಿ. ನಗರದಿಂದ

ಪ್ರೀತಿಯ ದೈತ್ಯನೇ,

ಕ್ಷೇಮವೇ ಅಂತ ಕೇಳುವ ಹಾಗಿಲ್ಲ. ನೀನು ನಮ್ಮ ದೇಶಕ್ಕೆ ಬಂದದ್ದೇ ಸಾಯುವುದಕ್ಕೆ. ನನ್ನ ಹೊಟ್ಟೆಯುರಿಯೆಲ್ಲ ಅಲ್ಲೇ ಇರುವುದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ. ಮೂವತ್ತು ವರ್ಷ ಬದುಕಿದೆ. ಜಪಾನಿನಲ್ಲಿ ಹುಟ್ಟಿದೆ, ಹಾಂಗ್‌ಕಾಂಗ್‌ನವರ ಪಾಲಾದೆ, ಆಮೇಲೆ ನಾರ್ವೆಯವರ ಪಾಲಾದೆ, ಕೊನೆಗೆ ಕತಾರಿನ ತೈಲ ಬಾವಿಗಳ ಪಕ್ಕ ಲಂಗರು ಹಾಕಿ ಕೂತೆ. ಅಷ್ಟು ದಿನ ಈ ಕಡೆ ತಲೆ ಹಾಕದವನು 2009ರ ಡಿಸೆಂಬರಿನಲ್ಲಿ ಸಿಯೆರಾ ಲಿಯೋನ್ ಬಾವುಟ ಏರಿಸಿಕೊಂಡು, 'ಮಾಂಟ್' ಅನ್ನುವ ಗುರುತಿಲ್ಲದ ಹೆಸರು ಬಳಿಸಿಕೊಂಡು ಗುಜರಾತಿನ ಅಲಂಗ್ ತೀರಕ್ಕೆ ಬಂದೆ. ಮನುಷ್ಯ ಕಟ್ಟಿದ ಅತಿ ಉದ್ದದ ಹಡಗು ನಮ್ಮ ಕೆಸರಿಗೆ ಬಂದು ಸಿಕ್ಕಿಕೊಂಡಿದೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಾಯಿತು ಹೇಳು?

ಸಮುದ್ರಮಟ್ಟಕ್ಕಿಂತ ಒಂಬೈನೂರು ಮೀಟರ್ ಮೇಲೆ ಕೂತಿರುವ ಈ ಜೆ.ಪಿ. ನಗರದವನಿಗೆ ನಿನ್ನ ಮೇಲೆ ಯಾಕಪ್ಪ ಇಷ್ಟು ಅಕ್ಕರೆ ಅಂತ ನಿನಗೂ ಅನ್ನಿಸೀತು. ಚಿಕ್ಕಂದಿನಲ್ಲಿ ನಾನು ಕಂಡ ದೊಡ್ಡ ನೀರು ಅಂದರೆ ಸಾರಕ್ಕಿ ಕೆರೆ. ಆದರೆ ನನ್ನ ಸೋದರಮಾವ ಕುಂದಾಪುರದ ಕಡೆಯವರು, 'ಶಿಪ್ಪಿನಲ್ಲಿದ್ದವರು'. ಗಲ್ಫಿನಲ್ಲಿ ಓಡಾಡುವ ಚಿಕ್ಕ ಟ್ಯಾಂಕರೊಂದರ ಎಂಜಿನ್ ರೂಮಿನಲ್ಲಿ ಆಯಿಲರ್. ಹಡಗಿನ ಕೆಲಸದ ಅವಧಿ ಮುಗಿಸಿ, ಸೈನ್ ಆಫ್ ಆಗಿ ಊರಿಗೆ ಹೋಗುವ ಮುಂಚೆ ನಮ್ಮ ಮನೆಯಲ್ಲಿ ನಾಲ್ಕು ದಿನ ಇರುತ್ತಿದ್ದರು. ಟ್ಯಾಂಗ್ ಡಬ್ಬದ ಜೊತೆಗೆ ನಿನ್ನ ಸುದ್ದಿಯನ್ನೂ ತರುತ್ತಿದ್ದರು. ರಾತ್ರಿ ಹೊತ್ತು ದೂರದಲ್ಲಿ ನಿನ್ನ ಮುಂದಿನ ದೀಪ ಕಂಡಿತಂತೆ, ಹಿಂದಿನ ದೀಪ ಎಲ್ಲಿ ಅಂತ ಹುಡುಕಿದರೆ ಅದು ಇನ್ಯಾವುದೋ ಹಡಗಿನದಿರಬೇಕು ಅನ್ನುವಷ್ಟು ಆಚೆಗಿತ್ತಂತೆ. "ಅದ್ರ ಡೆಕ್ಕಿನ ಮೇಲೆ ಸೈಕಲ್ಲಲ್ಲೇ ಹೋಗುದು ಮಾರಾಯ" ಅನ್ನುತ್ತಿದ್ದರು. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ.

ಶಾಲೆಯ ಜಿ.ಕೆ. ನೋಟ್‌ಬುಕ್ಕಿನಲ್ಲಿ ನಿನ್ನನ್ನು ಬರೆದುಕೊಂಡಿದ್ದೆ: ಜಗತ್ತಿನ ಅತಿ ದೊಡ್ಡ ಹಡಗು, ಸೀವೈಸ್ ಜೈಂಟ್. ನೀನೋ, ಹೆಸರು ಬದಲಿಸುತ್ತಲೇ ಹೋದೆ. ಹ್ಯಾಪಿ ಜೈಂಟ್ ಆದೆ, ಯಾರೆ ವೈಕಿಂಗ್ ಆದೆ, ನಾಕ್ ನೆವಿಸ್ ಆದೆ. ಪ್ರತಿ ಸಲವೂ ಹಳೆ ಹೆಸರು ಹೊಡೆದು ಹೊಸದು ಬರೆದೆ. ಕೋಪವೂ ಬರುತ್ತಿತ್ತು ಕಣೋ. ಕೊಂಡವರೆಲ್ಲ ತಮಗೆ ಬೇಕಾದ ಹೆಸರಿಟ್ಟರು, ಎಲ್ಲದಕ್ಕೂ ಓಗೊಟ್ಟೆಯಲ್ಲ!

ದೊಡ್ಡವನಾದ ಮೇಲೆ ನಿನ್ನ ಜಾತಕ ಓದಿಕೊಂಡೆ. ಓದಿದಷ್ಟೂ ಪಾಪ ಅನ್ನಿಸಿತು. 1967ರ ಯುದ್ಧದಲ್ಲಿ ಸೂಯೆಜ್ ಕಾಲುವೆ ಮುಚ್ಚಿತು, ಮತ್ತೆ ತೆರೆದದ್ದು 1975ರಲ್ಲಿ. ಅಲ್ಲಿಯವರೆಗೆ ಗಲ್ಫಿನ ಎಣ್ಣೆ ಯುರೋಪಿಗೆ ಹೋಗಬೇಕಾದರೆ ಆಫ್ರಿಕಾದ ತುದಿ ಸುತ್ತಬೇಕು. ದಾರಿ ಉದ್ದವಾದರೆ ಒಂದೇ ಸಲಕ್ಕೆ ಹೆಚ್ಚು ಹೊರುವುದು ಲಾಭ. ಹಡಗಿನ ಉದ್ದ, ಅಗಲ, ಎತ್ತರ ಮೂರನ್ನೂ ಎರಡರಷ್ಟು ಮಾಡಿದರೆ ಹೊರುವ ಎಣ್ಣೆ ಎಂಟು ಪಟ್ಟಾಗುತ್ತದೆ, ಹೊರಮೈಗೆ ಹಿಡಿಯುವ ತಗಡು ಮಾತ್ರ ನಾಲ್ಕು ಪಟ್ಟು. ಹಡಗು ಕಟ್ಟುವವರಿಗೆ ಈ ಲೆಕ್ಕದ ರುಚಿ ಹತ್ತಿತು. ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ 414 ಮೀಟರಿನ 'ಬಾಟಿಲಸ್' ಮತ್ತು ಅದರ ಮೂವರು ಒಡಹುಟ್ಟಿದವರು ಎದ್ದು ನಿಂತರು. ಜಪಾನಿನ ಯೊಕೊಸುಕಾದಲ್ಲಿ ಸುಮಿಟೊಮೊ ಕಂಪನಿಯವರು ನಿನ್ನ ಕೆಲಸಕ್ಕೆ ಕೈ ಹಾಕಿದರು.

ಆದರೆ ನಿನಗೆ ಆರ್ಡರ್ ಬಿದ್ದ 1974ರ ಹೊತ್ತಿಗೇ ಎಣ್ಣೆಯ ಬೆಲೆ ಗಗನಕ್ಕೇರಿತ್ತು, ಕೊಳ್ಳುವವರು ಕೈ ಬಿಗಿ ಹಿಡಿದಿದ್ದರು. ಮರುವರ್ಷ ಸೂಯೆಜ್ ಕೂಡ ತೆರೆಯಿತು. ನೀನು ಯಾವ ಕೆಲಸಕ್ಕೆ ಬೇಕಾಗಿದ್ದೆಯೋ ಆ ಕೆಲಸ ನೀನು ಹುಟ್ಟುವ ಮೊದಲೇ ಮುಗಿದಿತ್ತು ಕಣೋ. ನಿನ್ನನ್ನು ಬಯಸಿ ಕಟ್ಟಿಸಿದ ಗ್ರೀಸಿನ ಮಾಲೀಕರು 1979ರಲ್ಲಿ ಕೈಕೊಟ್ಟರು. ಆಗ ನಿನ್ನನ್ನು ಕೊಂಡುಕೊಂಡವರು ಹಾಂಗ್‌ಕಾಂಗ್‌ನ ಸಿ.ವೈ. ತುಂಗ್. ಅವರಾದರೂ ಇದ್ದ ಹಾಗೆ ಬಿಟ್ಟರೇ? ಕೊಯ್ದು, ನಡುವೆ ಹೊಸ ತುಂಡು ಸೇರಿಸಿ, ಇನ್ನೂ ಉದ್ದ ಮಾಡಿಸಿದರು. ಹಾಗೆ ನೀನು 458 ಮೀಟರ್ ಆದೆ. ಹೊರುವ ಭಾರ 5,64,763 ಟನ್. ನಲವತ್ತು ಲಕ್ಷಕ್ಕೂ ಹೆಚ್ಚು ಬ್ಯಾರೆಲ್ ಎಣ್ಣೆ.

ನಮ್ಮ ನಾಡಿನಲ್ಲೂ ನಿನ್ನ ಹಣೆಬರಹದವರು ಇದ್ದರು. ಕುದುರೆಮುಖದ ಕಬ್ಬಿಣದ ಅದಿರು ಇರಾನಿಗೆ ಹೋಗಬೇಕು ಅಂತ 1975ರಲ್ಲಿ ಒಪ್ಪಂದ ಆಯಿತು. ಬೆಟ್ಟ ಕೊರೆದು, ಅದಿರನ್ನು ನೀರಿನಲ್ಲಿ ಕಲಸಿ ಮಂಗಳೂರಿನ ಪಣಂಬೂರಿನವರೆಗೆ ಕೊಳವೆಯಲ್ಲಿ ಹರಿಸುವ ಏರ್ಪಾಡು ಮಾಡಿದರು. ಅಷ್ಟರಲ್ಲಿ ಇರಾನಿನಲ್ಲಿ ಕ್ರಾಂತಿ ಆಯಿತು, ಕೊಳ್ಳಬೇಕಾದವರು ಕೊಳ್ಳಲಿಲ್ಲ. ಅದೂ 1979ರಲ್ಲೇ. ಅದಿರಿನ ಕಂಪನಿ ಬೇರೆ ಗಿರಾಕಿಗಳನ್ನು ಹುಡುಕಿಕೊಂಡಿತು, ನೀನು ಬೇರೆ ಮಾಲೀಕನನ್ನು ಹುಡುಕಿಕೊಂಡೆ.

ಇನ್ನು ನಿನ್ನ ನಡೆ. ಎಣ್ಣೆ ತುಂಬಿಕೊಂಡರೆ 24.6 ಮೀಟರ್ ನೀರಿನೊಳಗೆ ಮುಳುಗುತ್ತಿದ್ದೆ. ಸೂಯೆಜ್, ಪನಾಮಾ ಎರಡೂ ಕಾಲುವೆಗಳು ನಿನಗೆ ಬಂದ್. ತುಂಬಿದ ಹೊಟ್ಟೆಯಲ್ಲಿ ಇಂಗ್ಲಿಷ್ ಕಾಲುವೆಯೂ ಸಾಲದು. ನಮ್ಮ ಪಣಂಬೂರಿನ ಬಂದರಿಗಂತೂ ನೀನು ಕಾಲಿಡುವ ಮಾತೇ ಇರಲಿಲ್ಲ. ಜೋರಾಗಿ ಹೋಗುತ್ತಿದ್ದವನು ನಿಲ್ಲಬೇಕಾದರೆ ಸುಮಾರು ಒಂಬತ್ತು ಕಿಲೋಮೀಟರ್ ಬೇಕಾಗುತ್ತಿತ್ತಂತೆ. ನಾನು ದಿನಾ ಹತ್ತುವ ಮೆಟ್ರೋದ ಲೆಕ್ಕದಲ್ಲಿ ಹೇಳುತ್ತೇನೆ ಕೇಳು. ಜೆ.ಪಿ. ನಗರದ ನಿಲ್ದಾಣದಲ್ಲಿ ಎಂಜಿನ್ ಬಂದ್ ಮಾಡಿದರೆ ಬನಶಂಕರಿ, ಆರ್.ವಿ. ರಸ್ತೆ, ಜಯನಗರ, ಸೌತ್ ಎಂಡ್, ಲಾಲ್‌ಬಾಗ್, ನ್ಯಾಷನಲ್ ಕಾಲೇಜು, ಮಾರ್ಕೆಟ್, ಚಿಕ್ಕಪೇಟೆ ಎಲ್ಲ ದಾಟಿ ಮೆಜೆಸ್ಟಿಕ್‌ನಲ್ಲಿ ನಿಲ್ಲುತ್ತಿದ್ದೆ ನೀನು. ಮಧ್ಯೆ ಯಾರು ಅಡ್ಡ ಬಂದರೂ ನಿನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

1988ರ ಮೇ 14ರಂದು ನೀನು ನಿಂತೇ ಇದ್ದೆ. ಹೊರ್ಮುಜ್ ಬಳಿಯ ಲಾರಕ್ ದ್ವೀಪದ ಹತ್ತಿರ, ಹೊಟ್ಟೆಯಲ್ಲಿ ಇರಾನಿನ ಕಚ್ಚಾತೈಲ. ಇರಾಕಿನ ವಿಮಾನಗಳು ಬಾಂಬ್ ಹಾಕಿದವು. ಬೆಂಕಿ ಹತ್ತಿ, ಅಲ್ಲೇ ಆಳವಿಲ್ಲದ ನೀರಿನಲ್ಲಿ ಕುಸಿದು ಕೂತೆ. ಆ ವರ್ಷ ಮಾವ ಮನೆಗೆ ಬಂದಾಗ ನಿನ್ನ ಮಾತೇ ಎತ್ತಲಿಲ್ಲ. ನಾನೇ ಕೇಳಿದೆ. "ಅಲ್ಲಿ ಕೆಲಸ ಮಾಡುವವರು ನಮ್ಮಂಥವರೇ ಅಲ್ದಾ" ಅಂದು ಸುಮ್ಮನಾದರು. ಅಲ್ಲಿಯವರೆಗೆ ನಿನ್ನೊಳಗೆ ಮನುಷ್ಯರಿದ್ದಾರೆ ಅಂತ ನನಗೆ ಹೊಳೆದೇ ಇರಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಮೀಟರು, ಟನ್ನು ಅಷ್ಟೇ ಇದ್ದವು.

ವಿಮೆಯವರ ಲೆಕ್ಕದಲ್ಲಿ ನೀನು ಸತ್ತಿದ್ದೆ. ಆದರೂ ಇರಾನ್-ಇರಾಕ್ ಯುದ್ಧ ಮುಗಿದ ಮೇಲೆ ನಿನ್ನನ್ನು ಎತ್ತಿ, ಸಿಂಗಪುರಕ್ಕೆ ಎಳೆದೊಯ್ದು ರಿಪೇರಿ ಮಾಡಿದರು. ಮತ್ತೆ ಎಣ್ಣೆ ಹೊತ್ತೆ. ಅಷ್ಟರಲ್ಲಿ ಕಾಲ ಬದಲಾಗಿತ್ತು. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೆಜ್ ಹಡಗು ಬಂಡೆಗೆ ತಾಗಿ ಎಣ್ಣೆ ಚೆಲ್ಲಿದ ಮೇಲೆ ಟ್ಯಾಂಕರುಗಳಿಗೆ ಎರಡು ಪದರದ ಮೈ ಬೇಕು ಅನ್ನುವ ಕಾನೂನು ಬಂತು. ನಿನ್ನದು ಒಂಟಿ ಪದರ. 2004ರಲ್ಲಿ ನಿನ್ನನ್ನು ಕತಾರಿನ ಅಲ್ ಶಾಹೀನ್ ತೈಲಕ್ಷೇತ್ರದಲ್ಲಿ ಎಣ್ಣೆ ತುಂಬಿಡುವ ಗೋದಾಮು ಮಾಡಿ ಕೂರಿಸಿದರು. ಓಡಾಟ ನಿಂತಿತು.

ಆಮೇಲೆ ಅಲಂಗ್. ಖಂಭಾತ್ ಕೊಲ್ಲಿಯಲ್ಲಿ ನೀರು ಹತ್ತು ಮೀಟರ್‌ವರೆಗೂ ಏರಿ ಇಳಿಯುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನ ದೊಡ್ಡ ಉಬ್ಬರಕ್ಕೆ ಕಾದು, ಹಡಗನ್ನು ಅದರದೇ ಎಂಜಿನ್ನಿನ ಬಲದಲ್ಲಿ ಜೋರಾಗಿ ದಡಕ್ಕೆ ನುಗ್ಗಿಸುತ್ತಾರೆ. ಇಳಿತ ಬಂದಾಗ ಕೆಸರಿನ ಮೇಲೆ ಇಡೀ ಹಡಗು ಬಯಲಾಗಿ ನಿಂತಿರುತ್ತದೆ. ಒಡಿಶಾ, ಬಿಹಾರ, ಉತ್ತರಪ್ರದೇಶದಿಂದ ಬಂದ ಕೂಲಿಯವರು ಗ್ಯಾಸ್ ಕಟರ್ ಹಿಡಿದು ಮೂತಿಯಿಂದ ಶುರುಮಾಡುತ್ತಾರೆ. ಒಂದೊಂದು ತುಂಡೂ ಕೆಸರಿಗೆ ಬೀಳುತ್ತದೆ, ವಿಂಚಿನಲ್ಲಿ ಎಳೆದು ಮೇಲೆ ತರುತ್ತಾರೆ, ತಗಡು ಮಾಡಿ ರೋಲಿಂಗ್ ಮಿಲ್ಲಿಗೆ ಕಳಿಸುತ್ತಾರೆ. ಹಡಗಿನ ಮಂಚ, ಹಾಸಿಗೆ, ತಟ್ಟೆ ಲೋಟ ಎಲ್ಲ ಅಲಂಗ್ ರಸ್ತೆಯ ಅಂಗಡಿಗಳಲ್ಲಿ ಮಾರಾಟಕ್ಕೆ ಕೂರುತ್ತವೆ. ಹೋಗಿ ನೋಡಿಕೊಂಡು ಬರುತ್ತೇನೆ ಅಂದದ್ದಕ್ಕೆ ಮಾವ ಫೋನಿನಲ್ಲೇ ತಡೆದರು. "ಬೇಡ ಮಾರಾಯ, ಶಿಪ್ಪನ್ನ ಕೊಯ್ಯುದು ನೋಡ್ಲಿಕ್ಕಾಗುದಿಲ್ಲ." ನಿನ್ನದು ಅಂತ ಉಳಿದದ್ದು 36 ಟನ್ನಿನ ಒಂದು ಲಂಗರು. ಅದೂ ಹಾಂಗ್‌ಕಾಂಗ್‌ನ ಮ್ಯೂಸಿಯಮ್ಮಿಗೆ ಹೋಯಿತು. ಕೊಯ್ದವರ ಊರಿಗೆ ಏನೂ ಉಳಿಯಲಿಲ್ಲ.

ನೀನು ಹೋದ ಮೇಲಿನ ಸುದ್ದಿ ಹೇಳಬೇಕಲ್ಲ. ಆಸ್ಟ್ರೇಲಿಯಾದ ಕಡಲಲ್ಲಿ 'ಪ್ರಿಲ್ಯೂಡ್' ಅಂತ ಒಂದಿದೆ, 488 ಮೀಟರ್. ಸಮುದ್ರದ ಅಡಿಯ ಅನಿಲವನ್ನು ಅಲ್ಲೇ ತಣಿಸಿ ದ್ರವ ಮಾಡುವ ತೇಲುವ ಕಾರ್ಖಾನೆ. ನಿನಗಿಂತ ಉದ್ದ ಹೌದು, ಆದರೆ ಅದು ಕಟ್ಟಿಹಾಕಿದ ಜಾಗದಲ್ಲೇ ಇರುವಂಥದ್ದು. 'ಪಯೊನಿಯರಿಂಗ್ ಸ್ಪಿರಿಟ್' ಅಂತ ಇನ್ನೊಂದು 124 ಮೀಟರ್ ಅಗಲದ ಹಡಗು, ಕಡಲ ನಡುವಿನ ಹಳೆಯ ತೈಲ ಕಟ್ಟೆಗಳನ್ನು ಇಡಿಯಾಗಿ ಎತ್ತಿಕೊಂಡು ಹೋಗುತ್ತದೆ. ಬ್ರೆಜಿಲಿನ ಅದಿರನ್ನು ಚೀನಾಕ್ಕೆ ಹೊರುವ ಹಡಗುಗಳು ತಲಾ ನಾಲ್ಕು ಲಕ್ಷ ಟನ್ನಿನವು. ರಜೆ ಕಳೆಯಲು ಹೋಗುವವರಿಗೆ 365 ಮೀಟರಿನ 'ಐಕಾನ್ ಆಫ್ ದ ಸೀಸ್' ಇದೆ. 2025ರ ಜೂನಿನಲ್ಲಿ ಕೇರಳದ ವಿಳಿಂಜಂ ಬಂದರಿಗೆ 24,346 ಕಂಟೇನರ್ ಹೊರಬಲ್ಲ 'ಎಂಎಸ್‌ಸಿ ಐರಿನಾ' ಬಂತು. ಅದೂ ನಾನೂರು ಮೀಟರಿಗೇ ನಿಂತಿದೆ. ಎಣ್ಣೆ ಹಡಗುಗಳಂತೂ ಚಿಕ್ಕವಾಗಿವೆ.

ಹಾಗಂತ ನಮಗೆ ಎಣ್ಣೆ ಸಾಕಾಗಿಲ್ಲ. ನಿನ್ನ ಅರ್ಧ ಹೊರುವ ಟ್ಯಾಂಕರುಗಳು ಈಗ ಮಂಗಳೂರಿನಾಚೆ ಕಡಲಲ್ಲಿ ತೇಲುವ ಬೋಯ್‌ಗೆ ಕಟ್ಟಿಕೊಂಡು ಕಚ್ಚಾತೈಲ ಇಳಿಸುತ್ತವೆ. ರಿಫೈನರಿಯಲ್ಲಿ ಶುದ್ಧವಾದದ್ದು ಕೊಳವೆಯಲ್ಲಿ ಘಟ್ಟ ಹತ್ತಿ, ಹಾಸನ ಹಾದು, ಬೆಂಗಳೂರಿನ ಹೊರಗಿನ ದೇವನಗೊಂದಿಗೆ ಬರುತ್ತದೆ. ನನ್ನ ಸ್ಕೂಟರಿನವರೆಗೂ ಕಡಲಿನ ನಂಟು ಇದೆ ಕಣೋ. ನೀನು ಕತಾರಿನಲ್ಲಿ ಮಾಡುತ್ತಿದ್ದ ಗೋದಾಮಿನ ಕೆಲಸವನ್ನು ನಮ್ಮಲ್ಲಿ ಬಂಡೆಗಳು ಮಾಡುತ್ತವೆ. ಆಪತ್ಕಾಲಕ್ಕೆ ಅಂತ ಉಡುಪಿ ಜಿಲ್ಲೆಯ ಪಾದೂರಿನಲ್ಲಿ ನೆಲದಡಿಯ ಕಲ್ಲು ಕೊರೆದು 25 ಲಕ್ಷ ಟನ್ ಎಣ್ಣೆ ಇಡುವ ಗುಹೆ ಮಾಡಿದ್ದಾರೆ. ನಿನ್ನ ಹೊಟ್ಟೆಯನ್ನು ನಾಲ್ಕು ಸಲ ತಂದು ಸುರಿದರೂ ತುಂಬದು.

ಇಷ್ಟೆಲ್ಲ ಬರೆಯುವಾಗ ಒಂದು ಮಾತು ಒಳಗೇ ಕೊರೆಯುತ್ತಿದೆ. 2025ರ ಮೇನಲ್ಲಿ ಕೊಚ್ಚಿಯ ಹತ್ತಿರ 'ಎಂಎಸ್‌ಸಿ ಎಲ್ಸಾ 3' ಮುಳುಗಿತು. ನಿನ್ನ ಮುಂದೆ ಅದು ಮರಿ, ಉದ್ದ ಇನ್ನೂರು ಮೀಟರೂ ಇಲ್ಲ. ಅಷ್ಟಕ್ಕೇ ಕೇರಳದ ದಡದ ಮೇಲೆ ಪ್ಲಾಸ್ಟಿಕ್ ಕಾಳು ಬಂದು ಬಿದ್ದವು, ಮೀನು ಹಿಡಿಯುವವರು ಕೈಕಟ್ಟಿ ಕೂತರು. ಮಾವ ಆಗ ಕೇಳಿದ್ದು ಒಂದೇ ಮಾತು, "ನಮ್ಮ ಬದಿಗೆ ಬಂದಿದ್ರೆ?" ನಿನ್ನ ಹೊಟ್ಟೆಯಲ್ಲಿದ್ದುದರಲ್ಲಿ ಕಾಲು ಪಾಲು ನಮ್ಮ ಕರಾವಳಿಯಲ್ಲಿ ಚೆಲ್ಲಿದ್ದರೆ ಏನಾಗುತ್ತಿತ್ತು? ಒಂಬತ್ತು ಕಿಲೋಮೀಟರ್ ಬೇಕಾಗುವವನನ್ನು ಯಾರು ನಿಲ್ಲಿಸುತ್ತಿದ್ದರು? ನಿನ್ನನ್ನು ಬೈಯುತ್ತಿಲ್ಲ. ನೀನೇನೂ ನನ್ನನ್ನು ದೊಡ್ಡದು ಮಾಡಿ ಅಂತ ಕೇಳಿದವನಲ್ಲ. ದೊಡ್ಡದು ಮಾಡಿದವರಿಗೆ ಬ್ಯಾರೆಲ್ಲಿನ ಮೇಲೆ ಉಳಿಯುವ ಕಾಸು ಕಂಡಿತು, ಅಡ್ಡ ಬರುವ ದೋಣಿ ಕಾಣಲಿಲ್ಲ.

ನಮ್ಮ ಬೀದಿಯಲ್ಲಿ ಯಾರಾದರೂ ಹೋದರೆ ಮರುದಿನ ಬೆಳಿಗ್ಗೆಗೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟುತ್ತಾರೆ, ಫೋಟೋದ ಕೆಳಗೆ 'ಮತ್ತೆ ಹುಟ್ಟಿ ಬಾ' ಅಂತ ಬರೆದಿರುತ್ತದೆ. ನಿನಗೂ ಹಾಗೆ ಬರೆಯಬೇಕು ಅಂತಲೇ ಕೂತವನು ನಾನು. ಕೈ ಬರುತ್ತಿಲ್ಲ. ಈಗಲೂ ಅತಿ ದೊಡ್ಡ ಹಡಗು ಯಾವುದು ಅಂತ ಮಕ್ಕಳು ಕೇಳಿದರೆ ನಿನ್ನ ಹೆಸರನ್ನೇ ಹೇಳುತ್ತೇನೆ, ಮೊದಲಿನ ಹೆಸರನ್ನೇ ಹೇಳುತ್ತೇನೆ. ಆದರೆ ನೀನು ಮತ್ತೆ ಹುಟ್ಟುವುದು ಬೇಡ ಕಣೋ. ನಿನ್ನಷ್ಟು ದೊಡ್ಡವರು ಯಾರೂ ಹುಟ್ಟುವುದು ಬೇಡ. ಬೇಸರ ಮಾಡಿಕೊಳ್ಳಬೇಡ.

ಇಂತಿ,
ನಿನ್ನನ್ನು ಒಮ್ಮೆಯೂ ನೋಡದ
ಜೆ.ಪಿ. ನಗರದ ಗೆಳೆಯ