ಕರೆಂಟಿಲ್ಲದ ರಾತ್ರಿ, ಕಡಲಿನ ಜೀವ

ಗಾಳಿ ಮೊದಲು ಬಂತು, ಬೆನ್ನಿಗೇ ಸಿಡಿಲು. ಮಾಸೂರೆಲ್ಲ ಒಮ್ಮೆಲೇ ಕತ್ತಲು. ಮೇ ತಿಂಗಳ ಅಡ್ಡಮಳೆಗೆ ಎಲ್ಲೋ ಕಂಬ ಉರುಳಿರಬೇಕು. ಇನ್ವರ್ಟರ್ ನಡುರಾತ್ರಿಯವರೆಗೆ ಜಗ್ಗಿತು, ಆಮೇಲೆ ಕೀಂಯ್ ಅಂದು ಕೈಚೆಲ್ಲಿತು. ಪಂಪುಗಳು ನಿಂತವು. ಗಾಜಿನ ತೊಟ್ಟಿಯ ಉಪ್ಪುನೀರು ಅಲುಗದೆ ನಿಂತಿತು. ಅದರೊಳಗೆ ಮೊದಲೇ ಕಾಯಿಲೆ ಬಿದ್ದ ಜೀವ!

ಬಬಲ್ ಟಿಪ್ ಅನಿಮೋನಿ. ನೋಡಲು ಹೂ, ನಿಜಕ್ಕೆ ಪ್ರಾಣಿ, ಹವಳದ ನೆಂಟ. ಆರೋಗ್ಯವಾಗಿದ್ದಾಗ ಅದರ ಕಂದು ಬಣ್ಣ ಬಹುಪಾಲು ಮೈಯೊಳಗೆ ಬಿಡಾರ ಹೂಡಿದ ಸೂಕ್ಷ್ಮ ಪಾಚಿಯದು. ಬೆಳಕಿದ್ದಾಗ ಪಾಚಿ ಆಹಾರ ತಯಾರಿಸಿ ಅದಕ್ಕೆ ಉಣಿಸುತ್ತದೆ. ನೀರು ಕಾದರೆ, ಸಾಗಾಟದಲ್ಲಿ ಜೀವ ನಲುಗಿದರೆ, ಅನಿಮೋನಿ ಆ ಪಾಚಿಯನ್ನೇ ಹೊರಗೆ ಉಗುಳಿಬಿಡುತ್ತದೆ. ಆಮೇಲೆ ಬಿಳಿಚಿಕೊಂಡು, ಹಸಿದು, ಕುಗ್ಗುತ್ತದೆ. ನಮ್ಮದು ಬಂದದ್ದೇ ಹಾಗೆ, ಬಾಯಿ ಸಡಿಲ, ಕುಡಿಗಳು ಜೋತುಬಿದ್ದು. ಸಿಗಡಿಯ ಚೂರು ತಿನ್ನಿಸಿ, ದೀಪವನ್ನು ನಿಧಾನಕ್ಕೆ ಏರಿಸಿ, ಬುಡದಲ್ಲಷ್ಟೇ ಒಂದಿಷ್ಟು ಕಂದು ಮರಳಿತ್ತು. ಅಷ್ಟನ್ನಾದರೂ ಈ ರಾತ್ರಿ ಬಿಟ್ಟುಕೊಡಬಾರದು.

ಟಾರ್ಚ್ ಹಿಡಿದು ಥರ್ಮಾಮೀಟರ್ ನೋಡಿದೆ. 26 ಡಿಗ್ರಿ ಇರಬೇಕಾದ ನೀರು 30 ದಾಟಿತ್ತು. ಬಿಸಿಯಾದಷ್ಟೂ ನೀರಲ್ಲಿ ಆಮ್ಲಜನಕ ಕಡಿಮೆ. ಅದೂ ರಾತ್ರಿ: ಪಾಚಿ ಆಮ್ಲಜನಕ ಕೊಡುವುದಿಲ್ಲ, ತಾನೇ ಬಳಸುತ್ತದೆ.

"ಕಾಕಾ, ಟಾಕಿ ನೀರ ತಂಪೈತಿ, ಒಂದ ಕೊಡ ಹಾಕ್ಲೇನು?" ಅಣ್ಣನ ಮಗ ಕೊಡ ಎತ್ತಿಯೇ ಬಿಟ್ಟಿದ್ದ.

"ಬ್ಯಾಡೋ ತಮ್ಮಾ! ಸಿಹಿನೀರು ಬಿದ್ರ ಅದರ ಮೈ ಊದಿ ಒಡೀತದ!"

ಮದಗ ಮಾಸೂರಿನ ಕೆರೆ ತುಂಬಿಸುವ ಕುಮುದ್ವತಿ ತುಂಗಭದ್ರೆ ಸೇರಿ, ಕೃಷ್ಣೆಯಾಗಿ, ಬಂಗಾಳ ಕೊಲ್ಲಿ ಮುಟ್ಟಿದ ಮೇಲೆಯೇ ಈ ಪ್ರಾಣಿಗೆ ಒಗ್ಗುವ ನೀರಾಗುವುದು. ಪಡುವಣ ಕಡಲು ಹತ್ತಿರವೇನೋ ನಿಜ, ಆದರೆ ನಡುವೆ ಘಟ್ಟ. ಇಲ್ಲಿ ಶುದ್ಧೀಕರಿಸಿದ ಲೀಟರ್ ನೀರಿಗೆ ಸುಮಾರು 35 ಗ್ರಾಂ ಲವಣ ಬೆರೆಸಿ ಕಡಲು ತಯಾರಿಸಬೇಕು. ಡ್ರಮ್ಮಿನಲ್ಲಿ ಬೆರೆಸಿಟ್ಟ ನೀರಷ್ಟೇ ನಮ್ಮ ಬಂಡವಾಳ.

ಫ್ರಿಜ್ಜಿನ ಹಿಮಗಟ್ಟಿದ ಬಾಟಲಿಯನ್ನು ಬಿರಡೆ ಸಮೇತ ತೇಲಿಬಿಟ್ಟೆವು. ಒಮ್ಮೆಲೇ ತಂಪಾದರೂ ಅಪಾಯ, ಆಗಾಗ ಎತ್ತಿ ಅಳೆಯಬೇಕು. ಇನ್ನು ಉಸಿರು. ನೀರು ಮೊಗೆಯಬೇಕು, ಎತ್ತರದಿಂದ ಸುರಿಯಬೇಕು, ಗಾಳಿ ಬೆರೆಯಬೇಕು. ಅವ್ವ ಕತ್ತಲಲ್ಲೇ ತಡವರಿಸಿ ಬಂದಳು, "ಇಕಾ, ತಂಬಿಗಿ ಹಿಡಿ." ಟಾರ್ಚಿನ ಬೆಳಕಲ್ಲಿ ಕೆಂಪಗೆ ಹೊಳೆಯಿತು. ತಾಮ್ರ!

"ಅವ್ವಾ, ಅದನ್ನ ಒಳಗ ಅದ್ದಬ್ಯಾಡ!"

ನೀರಲ್ಲಿ ಚೂರೇ ಚೂರು ತಾಮ್ರ ಕರಗಿದರೂ ಬೆನ್ನೆಲುಬಿಲ್ಲದ ಕಡಲಜೀವಿಗಳಿಗೆ ವಿಷ. ಅವ್ವ ಮರುಮಾತಾಡದೆ ಬಚ್ಚಲಿನ ಪ್ಲಾಸ್ಟಿಕ್ ಮಗ್ಗು ತಿಕ್ಕಿ ತಂದಳು. ಮೊಗೆ, ಸುರಿ. ಮೊಗೆ, ಸುರಿ. ತೋಳು ಸೋತಾಗ ಹುಡುಗ, ಅವನು ಸೋತಾಗ ಅವ್ವ.

ಒಳಗೂ ಒಬ್ಬ ಜೊತೆಗಾರ ದುಡಿಯುತ್ತಿದ್ದ. ಅನಿಮೋನಿಯ ಕುಡಿಗಳ ನಡುವೆ ಮಲಗುವ ಕ್ಲೌನ್ ಮೀನು ರೆಕ್ಕೆ ಬೀಸುತ್ತ, ಮೈ ತಿರುವುತ್ತ, ನಿಂತ ನೀರನ್ನು ಅದರ ಸುತ್ತ ಕದಲಿಸುತ್ತಿತ್ತು. ಆ ಚಲನೆಯಿಂದ ಅನಿಮೋನಿಗೆ ಉಸಿರು ಹೆಚ್ಚು ಸಿಗುತ್ತದೆಂದು ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಕಣ್ಣಾರೆ ಕಂಡಾಗ ಗಂಟಲು ಕಟ್ಟಿತು.

ಅಷ್ಟರಲ್ಲಿ ಅನಿಮೋನಿ ಬುಡ ಬಿಟ್ಟಿತು. ಬಂಡೆಯಿಂದ ಕಳಚಿ, ಮುದುಡಿದ ಮುದ್ದೆಯಾಗಿ ಉರುಳುತ್ತ ಪಂಪಿನ ಬಾಯಿಗೇ ಬಂದು ಒರಗಿತು. ಇಡೀ ರಾತ್ರಿ ಕರೆಂಟಿಗಾಗಿ ಕಾದಿದ್ದೆವು. ಈಗ ಅದು ಬಂದರೆ ರೆಕ್ಕೆ ತಿರುಗಿ ಈ ಮೈಯನ್ನು ಹರಿದು ಚೂರು ಮಾಡುತ್ತದೆ!

"ಪ್ಲಗ್ ಕೀಳೋ!"

ಹುಡುಗ ಹಾರಿ ಕಿತ್ತ. ಪ್ಲಗ್ಗು ಅವನ ಕೈಯಲ್ಲಿರುವಾಗಲೇ ಬೀದಿದೀಪ ಭಗ್ಗನೆ ಹತ್ತಿತು.

ಕೈಗವಸು ತೊಟ್ಟು ಮುದ್ದೆಯನ್ನು ಅಂಗೈಯಲ್ಲಿ ಹೊತ್ತು ತೂತಿನ ಬುಟ್ಟಿಗೆ ಇಳಿಸಿದೆ. ಸತ್ತಿದ್ದರೆ ತಕ್ಷಣ ತೆಗೆಯಬೇಕು, ಕೊಳೆತರೆ ಅಮೋನಿಯಾ ಏರಿ ತೊಟ್ಟಿಯೆಲ್ಲ ಸಾಯುತ್ತದೆ. ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ. 1828ರಲ್ಲಿ ಸ್ಕಾಟ್ಲೆಂಡಿನ ಕಡಲತಡಿಯಲ್ಲಿ ಜಾನ್ ಡಾಲಿಯೆಲ್ ಹಿಡಿದು ತಂದ ಅನಿಮೋನಿಯೊಂದು ಗಾಜಿನ ಜಾಡಿಯಲ್ಲಿ, ಆಗಾಗ ಬದಲಿಸಿದ ಕಡಲ ನೀರಿನಲ್ಲಿ, 1887ರವರೆಗೆ ಬಾಳಿತು. 'ಗ್ರ್ಯಾನಿ' ಅಂತ ಅದರ ಹೆಸರು. ಸಾಕಿದವನೇ ಮೊದಲು ತೀರಿಕೊಂಡ. ಇಷ್ಟು ಗಟ್ಟಿ ಕುಲದ ಜೀವ ಒಂದು ಬಿಸಿ ರಾತ್ರಿಗೆ ಯಾಕೆ ಸೋಲಬೇಕು?

ಮೂಸಿದೆ. ಕೊಳೆತ ವಾಸನೆ ಇಲ್ಲ. ಬೆರಳ ತುದಿಯಿಂದ ಕುಡಿ ಮುಟ್ಟಿದೆ. ಜಾರಿತು. ಇನ್ನೊಂದು ಕುಡಿ, ಅದೂ ಜಾರಿತು. ಮೂರನೆಯದು ಕೈಗವಸಿಗೆ ಅಂಟಿ, ಎಳೆದರೂ ಬಿಡಲಿಲ್ಲ. ಕುಟುಕು ಕೋಶಗಳು ಇನ್ನೂ ಸಿಡಿಯುತ್ತಿವೆ!

"ಐತಿ ಅವ್ವಾ, ಜೀವ ಐತಿ!"

ಪಂಪಿನ ಬಾಯಿಗೆ ಸ್ಪಂಜು ಕಟ್ಟಿ ಚಾಲೂ ಮಾಡಿದೆವು. ಡ್ರಮ್ಮಿನ ನೀರಿನಿಂದ ತೊಟ್ಟಿಯ ಒಂದು ಪಾಲು ಬದಲಿಸಿ ಅಮೋನಿಯಾ ಪರೀಕ್ಷಿಸಿದೆವು. ಬಾಯಿ ಬಿಗಿಯಾಗಿ ಮುಚ್ಚುವವರೆಗೆ ಅದಕ್ಕೆ ಊಟವಿಲ್ಲ, ತಿಂದದ್ದನ್ನು ವಾಂತಿ ಮಾಡಿ ಇನ್ನಷ್ಟು ಸೊರಗುತ್ತದೆ. ಬುಟ್ಟಿಯಲ್ಲಿ ಒಂದು ಒರಟು ಕಲ್ಲಿಟ್ಟಿದ್ದೇವೆ. ಬುಡ ತಾನಾಗಿಯೇ ಅದನ್ನು ಹಿಡಿಯಬೇಕು, ಒತ್ತಿ ಅಂಟಿಸಲಾಗದು. ಮುಂಗಾರಿನ ಸಿಡಿಲು ಇನ್ನೂ ಬರುವುದಿದೆ. ಬ್ಯಾಟರಿಯಲ್ಲಿ ನಡೆಯುವ ಗಾಳಿಪಂಪು ತರಲು ಹುಡುಗ ಆಗಲೇ ಹಾವೇರಿ ಬಸ್ಸು ಹತ್ತಿದ್ದ.