ಮುಚ್ಚಿದ ಪೆಟ್ಟಿಗೆಯ ಮಂದ್ರಸ್ವರ

ಮಂದ್ರಸ್ವರವು ಕಿವಿಗೆ ಕೇಳಿಸುವುದಕ್ಕಿಂತ ಎದೆಗೆ ತಾಕುವುದೇ ಹೆಚ್ಚು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಜಾತ್ರೆಗಳಲ್ಲಿ ಡೊಳ್ಳಿನ ಪೆಟ್ಟು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ಡೊಳ್ಳು ಸಣ್ಣ ರೇಡಿಯೋದಲ್ಲಿ ಬಂದರೆ ತಗಡಿನ ಡಬ್ಬಿ ಬಡಿದಂತಾಗುವುದು. ತಬಲಾಜೋಡಿಯಲ್ಲಿ ಬಲಗೈಯ ಝೇಂಕಾರ ಉಳಿದು, ಎಡಗೈಯ ಡಗ್ಗಾ ಮಾಯವಾಗಿರುವುದು. 1950ರಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರ ಆರಂಭವಾದಂದಿನಿಂದ ಎಷ್ಟೋ ಮನೆಗಳಿಗೆ ಸಂಗೀತ ಬಂದುದು ಹೀಗೆಯೇ: ಅರ್ಧ ಮನೆಯೊಳಗೆ, ಅರ್ಧ ಹೊಸ್ತಿಲಾಚೆ.

ಹೊಸ್ತಿಲಾಚೆ ಉಳಿದುದನ್ನು ಒಳಗೆ ಕರೆತರಬೇಕೆಂದು ಹೊರಡುವ ಹವ್ಯಾಸಿಯು ಮೊದಲು ಕಲಿಯಬೇಕಾದ ಪಾಠ ವಿಚಿತ್ರವಾದುದು. ಸ್ಪೀಕರಿನ ಕೋನು ಮುಂದಕ್ಕೆ ಗಾಳಿಯನ್ನು ನೂಕುವಾಗ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಸೆಕೆಂಡಿಗೆ 50 ಕಂಪನಗಳ ಸ್ವರದ ಒಂದು ಅಲೆ ಸುಮಾರು 7 ಮೀಟರು ಉದ್ದ. ಅಂಥ ಅಲೆಗೆ ಅಂಗೈಯಗಲದ ಕೋನನ್ನು ಬಳಸಿ ಮುಂದೆ ಬರುವುದು ಕಷ್ಟವೇ? ಹಿಂದಿನದು ಮುಂದಿನದನ್ನು ಸೇರಿ, ಎರಡೂ ಅಳಿಯುವುವು. ಆದುದರಿಂದ ಹಿಂದಿನ ಧ್ವನಿಯನ್ನು ಸೆರೆಹಿಡಿಯಬೇಕು.

ಸೆರೆಮನೆಗಳು ಮೊದಲೂ ಇದ್ದವು. ಆದರೆ ಆಳವಾದ ಮಂದ್ರ ಬೇಕಾದರೆ ಅವು ಬೀರುವಿನಷ್ಟು ದೊಡ್ಡವಾಗಬೇಕಿತ್ತು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್, ಹೆನ್ರಿ ಕ್ಲಾಸ್ ಜೊತೆಗೂಡಿ ತಂದ ಎ.ಆರ್.-1 ಸ್ಪೀಕರು ಈ ಲೆಕ್ಕವನ್ನು ಬದಲಿಸಿತು. ಕೋನನ್ನು ತೀರ ಸಡಿಲವಾಗಿ ತೂಗುಹಾಕಿ, ಪೆಟ್ಟಿಗೆಯೊಳಗಿನ ಗಾಳಿಯನ್ನೇ ಅದಕ್ಕೆ ಸ್ಪ್ರಿಂಗಾಗಿ ಮಾಡಿದುದು ವಿಲ್ಚರನ ಉಪಾಯ. ಗಾಳಿಯ ಸ್ಪ್ರಿಂಗು ಬಟ್ಟೆ, ಕಾಗದಗಳ ಸ್ಪ್ರಿಂಗಿಗಿಂತ ಪ್ರಾಮಾಣಿಕ. ಎಷ್ಟು ಒತ್ತಿದರೆ ಅಷ್ಟೇ ಮರಳಿ ಒತ್ತುವುದು.

ಇಲ್ಲಿಂದ ಮುಂದೆ ಬಡಿಗನ ಕೆಲಸ. ಪ್ಲೈವುಡ್ಡು ಗಟ್ಟಿಯಾಗಿರಬೇಕು, ಒಳಗೆ ಅಡ್ಡಪಟ್ಟಿಗಳಿರಬೇಕು. ಪೆಟ್ಟಿಗೆಯೇ ಹಾಡತೊಡಗಿದರೆ ಗಾಯಕನಿಗೆ ಕೆಲಸವಿಲ್ಲ. ಸಂದುಗಳಲ್ಲಿ ಗಾಳಿ ಸುಳಿಯಕೂಡದು. ಹುಣಸೆಬೀಜದ ಅಂಟಿನಿಂದ ಮರದ ತುಂಡುಗಳನ್ನು ಬೆಸೆದು ಗೊಂಬೆಗಳನ್ನು ಮಾಡುವ ಕಿನ್ನಾಳದ ಚಿತ್ರಗಾರರು ಕೊಪ್ಪಳದ ಪಕ್ಕದಲ್ಲಿಯೇ ಇರುವಾಗ, ಸಂದು ಮುಚ್ಚುವುದು ಎಂಥ ವಿದ್ಯೆಯೆಂದು ಈ ಸೀಮೆಗೆ ಹೇಳಿಕೊಡಬೇಕೆ? ಪರೀಕ್ಷೆಯೂ ಸುಲಭ: ಕೋನನ್ನು ಬೆರಳುಗಳಿಂದ ಮೃದುವಾಗಿ ಒಳಗೊತ್ತಿ ಬಿಟ್ಟರೆ ಮೆಲ್ಲಗೆ ಮರಳಬೇಕು, ಥಟ್ಟನೆ ಪುಟಿದರೆ ಎಲ್ಲಿಯೋ ಸೋರಿಕೆಯಿದೆ.

ಜಾಗ ಉಳಿಸುವ ಆಸೆಯಿಂದ ಪೆಟ್ಟಿಗೆಯನ್ನು ಕುಗ್ಗಿಸುವಂತಿಲ್ಲ. ಕೋನಿನ ತೂಗಿಗೆ ಸಮನಾದ ಬಿಗಿಯುಳ್ಳ ಗಾಳಿಯ ಪ್ರಮಾಣವನ್ನು ಸ್ಪೀಕರಿನ ವಿವರಪತ್ರದಲ್ಲಿ ಲೀಟರುಗಳಲ್ಲಿ ಕೊಟ್ಟಿರುವರು. ಪೆಟ್ಟಿಗೆ ಅದರ ಮೂರನೆಯ ಒಂದು ಪಾಲಿನಷ್ಟಿದ್ದರೆ ಕೋನಿನ ಸಹಜ ಕಂಪನ ಇಮ್ಮಡಿಯಾಗುವುದು. 35 ಇದ್ದುದು 70 ಆಗುವುದು. ಒಳಗೆ ನಾರು ತುಂಬಿದರೆ ಪೆಟ್ಟಿಗೆ ಇರುವುದಕ್ಕಿಂತ ತುಸು ದೊಡ್ಡದಾದಂತೆ ನಡೆದುಕೊಳ್ಳುವುದುಂಟು. ಆದರೆ ಪವಾಡವನ್ನು ನಿರೀಕ್ಷಿಸಬಾರದು. ಇಂಥ ಸ್ಪೀಕರು ಆಂಪ್ಲಿಫೈಯರಿನಿಂದ ಹೆಚ್ಚು ಶಕ್ತಿಯನ್ನೂ ಬೇಡುತ್ತದೆ.

ಮನೆಯೊಡತಿಯ ಸಹನೆಯನ್ನೂ ಬೇಡುತ್ತದೆ. “ಏನ್ರೀ, ಅಡಗಿಮನಿಗೊಂದು ಕಪಾಟು ಮಾಡಸ್ರಿ ಅಂತ ಎರಡು ವರ್ಷದಿಂದ ಹೇಳಾಕತ್ತೀನಿ. ನೀವು ಬಾಗಲಾನ ಇಲ್ಲದ ಕಪಾಟು ಮಾಡಿಸೀರಲ್ಲ!” ಎಂದರೆ ಹವ್ಯಾಸಿಯ ಬಳಿ ಉತ್ತರವಿರುವುದಿಲ್ಲ.

ಉತ್ತರ ಪೆಟ್ಟಿಗೆಯಿಂದಲೇ ಬರಬೇಕು. ಊರ ಭಜನೆಯಲ್ಲಿ ತಬಲಾ ನುಡಿಸುತ್ತಿದ್ದ ತಂದೆ ಕಾಲವಾಗಿ, ಒಂದು ಕ್ಯಾಸೆಟ್ಟು ಮಾತ್ರ ಉಳಿದಿರುವ ಮನೆಯನ್ನು ನೆನೆಯಿರಿ. ಅಷ್ಟು ವರ್ಷ ಆ ಕ್ಯಾಸೆಟ್ಟಿನಲ್ಲಿ ಬಲಗೈ ಮಾತ್ರ ಕೇಳಿಸುತ್ತಿತ್ತು. ಹಾಡಿನ ಮಾತಿಗೆ ತಕ್ಕಂತೆ ಡಗ್ಗಾದ ಮೇಲೆ ಮಣಿಕಟ್ಟನ್ನು ಒತ್ತಿ ಜಾರಿಸುತ್ತಿದ್ದ ಎಡಗೈ ಟೇಪಿನೊಳಗಿದ್ದೂ ಮನೆಗೆ ಬಂದಿರಲಿಲ್ಲ. ಹಿಂಬದಿಯ ಬಾಗಿಲು ಭದ್ರವಾಗಿ ಮುಚ್ಚಿದ ದಿನ, ಆ ಕೈ ಮುಂಬಾಗಿಲಿನಿಂದ ಒಳಗೆ ಬರುವುದು. ಆಗ ಕಪಾಟಿನ ಮಾತನ್ನು ಯಾರೂ ಎತ್ತುವುದಿಲ್ಲ. ಕನಿಷ್ಠ ಆ ಭಜನೆ ಮುಗಿಯುವ ತನಕ.