ಊಟದ ಲೆಕ್ಕ, ಆಟದ ಲೆಕ್ಕ

ಕಳೆದ ವಾರ ಮೊಮ್ಮಗಳು ಶಾಲೆಯಿಂದ ಬಂದವಳೇ ಬ್ಯಾಗನ್ನು ಜಗಲಿಯ ಮೂಲೆಗೆ ಎಸೆದು ಮುಖ ಊದಿಸಿ ಕುಳಿತಳು. ಅವಳ ಶಾಲೆಯಲ್ಲಿ ವಾರಕ್ಕೆ ಎರಡು ದಿನ ಯಕ್ಷಗಾನ ಕಲಿಸುತ್ತಾರೆ. ವಾರ್ಷಿಕೋತ್ಸವದ ಆಟಕ್ಕೆ ಅವಳಿಗೆ ಕೃಷ್ಣನ ವೇಷ ಬೇಕಿತ್ತು. ಸಿಕ್ಕಿದ್ದು ದೂತನ ವೇಷ.

"ಎರಡೇ ಮಾತು ಅಜ್ಜಾ. ಬರುವುದು, ಹೇಳುವುದು, ಹೋಗುವುದು. ನಾನು ಮಾಡುವುದಿಲ್ಲ" ಎಂದಳು.

ನಾನು ಬುದ್ಧಿ ಹೇಳಲು ಹೋಗಲಿಲ್ಲ. ಕಪಾಟಿನ ಅಡಿಯಿಂದ ಒಂದು ಹಳೆಯ ಲೆಕ್ಕದ ಪುಸ್ತಕ ತೆಗೆದೆ. ಕೆಂಪು ರಟ್ಟು, ಅಂಚೆಲ್ಲ ಗೆದ್ದಲು ತಿಂದದ್ದು. "ಎರಡೇ ಮಾತಿನ ಒಬ್ಬರು ಇದರೊಳಗೆ ಇದ್ದಾರೆ, ಕೇಳುತ್ತೀಯಾ?" ಎಂದೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ ಮಕ್ಕಳೇ.

ನಾನು ಬಿಕಾಂ ಮುಗಿಸಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದವನು. 1978ರಲ್ಲಿ ದಕ್ಷಿಣ ಕನ್ನಡದ ಒಂದು ಸಣ್ಣ ಪೇಟೆಯ ಶಾಖೆಗೆ ವರ್ಗವಾಯಿತು. ಅಲ್ಲಿ ಚಿನ್ನದ ಸಾಲದ ಮೇಜು ನನ್ನದು. ಆಟಿ ತಿಂಗಳ ಜಡಿಮಳೆಯಲ್ಲಿ ಒಂದು ದಿನ ವಯಸ್ಸಾದ ದಂಪತಿ ಒಂದೇ ಕೊಡೆಯಲ್ಲಿ ಬಂದರು. ಆ ಅಮ್ಮ ಕೊರಳಿನಿಂದ ಎರಡೆಳೆಯ ಸರ ತೆಗೆದು ಮೇಜಿನ ಮೇಲಿಟ್ಟರು. ಮೇ ಕೊನೆಗೆ ಬಂದು ಬಡ್ಡಿ ಸಮೇತ ಕಟ್ಟಿ ಬಿಡಿಸಿಕೊಂಡರು. ಮರುವರ್ಷ ಆಟಿಯಲ್ಲಿ ಮತ್ತೆ ಅದೇ ಸರ ಬಂತು.

"ಪ್ರತಿ ವರ್ಷ ಇದು ಯಾಕೆ?" ಎಂದು ಕೇಳಿಯೇಬಿಟ್ಟೆ.

"ಇದು ನಮ್ಮ ಬೀಜದ ಭತ್ತ ರಾಯರೇ" ಎಂದರು ಅವರು. ಅವರು ಒಂದು ಸಣ್ಣ ಯಕ್ಷಗಾನ ಮೇಳದ ಯಜಮಾನರು.

ಹಾಗೆ ಪರಿಚಯವಾಗಿ, ಭಾನುವಾರ ಮತ್ತು ರಜೆಯ ದಿನಗಳಲ್ಲಿ ಮೇಳದ ಲೆಕ್ಕ ಬರೆಯಲು ತೊಡಗಿದೆ. ಸಂಬಳಕ್ಕಲ್ಲ. ಬ್ಯಾಂಕಿನವರು ಬೇರೆ ಕಡೆ ಸಂಬಳ ತೆಗೆದುಕೊಳ್ಳುವ ಹಾಗಿಲ್ಲ. ಹೋದ ದಿನ ಮೇಳದವರ ಜೊತೆ ಒಂದು ಊಟ, ಅದೇ ನನ್ನ ಕೂಲಿ.

ಮೇಳ ನಡೆಸುವುದು ಎಂದರೆ ಆರು ತಿಂಗಳ ಓಟ, ಆರು ತಿಂಗಳ ಚಿಂತೆ. ಕಲಾವಿದರಿಗೆ ಮಳೆಗಾಲದಲ್ಲೇ ಮುಂಗಡ ಕೊಡಬೇಕು. ಕೊಡದಿದ್ದರೆ ಒಳ್ಳೆಯ ವೇಷಧಾರಿ ಬೇರೆ ಮೇಳಕ್ಕೆ ಹೋಗುತ್ತಾನೆ. ಆ ಮುಂಗಡವೇ ಅಮ್ಮನ ಸರ. ದೀಪಾವಳಿ ಕಳೆದ ಮೇಲೆ ತಿರುಗಾಟ ಸುರು. ಇಂದು ಒಂದು ಊರು, ನಾಳೆ ಇನ್ನೊಂದು. ಬೆಳಿಗ್ಗೆ ಲಾರಿ ಬಂದು ಕೊಯ್ಲು ಮುಗಿದ ಗದ್ದೆಯಲ್ಲಿ ಸಾಮಾನು ಇಳಿಸುತ್ತದೆ. ಕಂಬ ನೆಟ್ಟು ಡೇರೆ ಎಬ್ಬಿಸುತ್ತಾರೆ. ಮೈಕು ಕಟ್ಟಿದ ಕಾರು ಊರೆಲ್ಲ ಸುತ್ತಿ ಕರಪತ್ರ ಹಂಚುತ್ತದೆ. ಗದ್ದೆಯ ಬಾಡಿಗೆ, ಲೈಸೆನ್ಸು, ಜನರೇಟರಿನ ಡೀಸೆಲ್ ಎಲ್ಲಕ್ಕೂ ದುಡ್ಡು. ರಾತ್ರಿ ಟಿಕೇಟಿನ ಪೆಟ್ಟಿಗೆ ತುಂಬಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಗಣಪತಿಗೆ ಪೂಜೆಯಾಗಿ ಆಟ ಸುರುವಾದರೆ ಮಂಗಳ ಹಾಡುವಾಗ ಮೂಡಣ ಕೆಂಪಾಗಿರುತ್ತಿತ್ತು. ಹೀಗೆ ಪತ್ತನಾಜೆಯವರೆಗೆ, ಎಂದರೆ ಮೇ 24ರ ಸುಮಾರಿಗೆ. ಅಂದು ಗೆಜ್ಜೆ ಬಿಚ್ಚಿದರೆ ಆ ವರ್ಷದ ತಿರುಗಾಟ ಮುಗಿಯಿತು.

ಆಟದಷ್ಟೇ ದೊಡ್ಡ ಖರ್ಚು ಊಟದ್ದು. ಭಾಗವತರು, ಚೆಂಡೆ ಮದ್ದಳೆಯವರು, ವೇಷಧಾರಿಗಳು, ಡೇರೆಯ ಆಳುಗಳು, ಅಡಿಗೆಯವರು ಎಲ್ಲ ಸೇರಿ ಸುಮಾರು 40 ಜನ. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಚಟ್ನಿ, ಉಪ್ಪಿನಕಾಯಿ. ರಾತ್ರಿ ಅನ್ನ, ಸಾರು, ಒಂದು ಪಲ್ಯ. ಯಾರಾದರೂ ಆಟವನ್ನು ಕಂಟ್ರಾಕ್ಟಿಗೆ ಆಡಿಸಿದರೆ ನಮಗೆಲ್ಲ ಹಬ್ಬ. ಅಂದು ಆಡಿಸುವವರ ಮನೆಯಲ್ಲೇ ಪಾಯಸದ ಊಟ. ಎಲ್ಲರದ್ದೂ ಆದ ಮೇಲೆಯೇ ಯಜಮಾನರು ಎಲೆಯ ಮುಂದೆ ಕೂರುತ್ತಿದ್ದರು.

ನಾನು ಲೆಕ್ಕ ಹಿಡಿದ ನಾಲ್ಕನೆಯ ವರ್ಷ ಏಪ್ರಿಲಿನಲ್ಲೇ ಸಂಜೆ ಮಳೆ ಸುರುವಾಯಿತು. ಗದ್ದೆಯಲ್ಲಿ ಕೆಸರು, ಡೇರೆಯೊಳಗೆ ಕುರ್ಚಿಗಳು ಖಾಲಿ. ಒಂದು ರಾತ್ರಿಯ ಕಲೆಕ್ಷನ್ ಡೀಸೆಲಿಗೂ ಸಾಲಲಿಲ್ಲ. ಪತ್ತನಾಜೆ ಕಳೆದ ಮೇಲೆ ಲೆಕ್ಕ ಹಾಕಿದರೆ ಸರ ಬಿಡಿಸಲು ದುಡ್ಡು ಕಡಿಮೆ. ನಾನು ಬಿಕಾಂ ಓದಿದವನಲ್ಲವೇ, ಪುಸ್ತಕ ಹಿಡಿದು ಸಾಲು ಸಾಲಾಗಿ ನೋಡಿದೆ. ಒಂದು ಹೆಸರಿನ ಮೇಲೆ ಪೆನ್ಸಿಲ್ ನಿಂತಿತು.

ಅವರು ಮೇಳದ ಹಿರಿಯ ಕಲಾವಿದರು. ಒಂದು ಕಾಲದಲ್ಲಿ ಬಣ್ಣದ ವೇಷದಲ್ಲಿ ಪ್ರಸಿದ್ಧರು. ಅವರ ರಾಕ್ಷಸ ದೊಂದಿಯ ಬೆಳಕಿನಲ್ಲಿ ಆರ್ಭಟಿಸುತ್ತ ಬಂದರೆ ಮಕ್ಕಳು ತಾಯಿಯ ಸೆರಗಿನೊಳಗೆ ಅಡಗುತ್ತಿದ್ದರಂತೆ. ನಾನು ನೋಡುವಾಗ ಮೊಣಗಂಟು ಹೋಗಿತ್ತು. ದೂತ, ಮುದುಕ ಬ್ರಾಹ್ಮಣ, ಅಂಥದ್ದೇ ಎರಡು ಮಾತಿನ ವೇಷ. ಸಂಬಳ ಮಾತ್ರ ಹಿರಿಯರ ಸಂಬಳ.

"ಯಜಮಾನ್ರೇ, ಇವರನ್ನು ಬಿಟ್ಟರೆ ಸ್ವಲ್ಪ ಉಸಿರಾಡಬಹುದು. ದೂತನ ವೇಷ ಯಾರೂ ಮಾಡಬಹುದಲ್ಲ" ಎಂದೆ.

ಅವರು ತುಂಬ ಹೊತ್ತು ಮಾತಾಡಲಿಲ್ಲ. "ನೀವು ಲೆಕ್ಕ ಗೊತ್ತಿದ್ದವರು" ಎಂದಷ್ಟೇ ಹೇಳಿದರು. ಆ ಮಳೆಗಾಲ ಹಿರಿಯರಿಗೆ ಮುಂಗಡ ಹೋಗಲಿಲ್ಲ.

ಮಳೆಗಾಲದಲ್ಲಿ ನಮ್ಮ ಕಡೆ ಚಿಕ್ಕಮೇಳ ಬರುತ್ತದೆ. ನಾಲ್ಕೈದು ಜನ ಕಲಾವಿದರು ಸಂಜೆ ಮನೆಮನೆಗೆ ಹೋಗಿ ಸ್ವಲ್ಪ ಹೊತ್ತು ಆಡಿ ತೋರಿಸುತ್ತಾರೆ. ಮನೆಯವರು ದೀಪ ಹಚ್ಚಿ, ಅಕ್ಕಿ, ತೆಂಗಿನಕಾಯಿ, ಕೈಲಾದಷ್ಟು ದುಡ್ಡು ಇಡುತ್ತಾರೆ. ಶ್ರಾವಣದ ಒಂದು ರಾತ್ರಿ ನಮ್ಮ ಬಾಡಿಗೆ ಮನೆಗೂ ಬಂದರು. ಐದು ವರ್ಷದ ನನ್ನ ಮಗಳು, ಈಗಿನ ಮೊಮ್ಮಗಳ ಅಮ್ಮ, ಕುಣಿದಾಡಿದಳು. ನಾನು ನೋಡಿದ್ದು ಬಾಗಿಲ ಬಳಿ ನೆನೆದ ಚೀಲ ಹಿಡಿದು ನಿಂತವರನ್ನು. ಅದೇ ಹಿರಿಯರು. ಅವರಿಗೆ ವೇಷ ಇರಲಿಲ್ಲ. ಸಿಕ್ಕಿದ ಅಕ್ಕಿಯನ್ನು ಚೀಲಕ್ಕೆ ತುಂಬಿ ಹೊರುವುದು ಅವರ ಕೆಲಸ.

ನನ್ನನ್ನು ಕಂಡವರು ನಕ್ಕು, "ರಾಯರಿಗೆ ಊಟ ಆಯ್ತಾ?" ಎಂದು ಕೇಳಿದರು.

ಹೆಂಡತಿ, "ನೀವೂ ಉಂಡು ಹೋಗಿ" ಎಂದಳು. "ಇಲ್ಲಮ್ಮ, ಇನ್ನು ಆರು ಮನೆ ಉಂಟು" ಎಂದು ಚೀಲ ಹೆಗಲಿಗೇರಿಸಿ ಮಳೆಗೆ ಇಳಿದರು. ಅವರಿಗೆ ಆ ಪೆನ್ಸಿಲಿನ ವಿಷಯ ಗೊತ್ತಿತ್ತೋ ಇಲ್ಲವೋ, ನಾನು ಎಂದೂ ಕೇಳಲಿಲ್ಲ. ಅಂದು ನನಗೆ ಅನ್ನ ಸೇರಲಿಲ್ಲ.

ಮುಂದಿನ ಭಾನುವಾರ ಯಜಮಾನರ ಮನೆಗೆ ಹೋಗಿ, "ನಾನು ತಪ್ಪು ಲೆಕ್ಕ ಹಾಕಿದೆ" ಎಂದೆ.

"ಲೆಕ್ಕ ಸರಿಯೇ ಇತ್ತು ರಾಯರೇ. ಆದರೆ ನೀವು ಟಿಕೇಟಿನ ದುಡ್ಡು ಎಣಿಸಿ ನಡುರಾತ್ರಿಗೆ ಮನೆಗೆ ಹೋಗುವವರು. ಎರಡು ಮಾತು ಮುಗಿಸಿದ ಮೇಲೆ ಅವರು ಬೆಳಗಿನವರೆಗೆ ಏನು ಮಾಡುತ್ತಾರೆ ಎಂದು ನೋಡಿಲ್ಲ. ನಾನು ನೋಡಿಯೂ ಸುಮ್ಮನಿದ್ದೆ. ನನ್ನ ತಪ್ಪು ದೊಡ್ಡದು" ಎಂದರು.

ಅಮ್ಮ ಒಳಗಿನಿಂದ ವೀಳ್ಯದೆಲೆ, ಅಡಿಕೆ ತಂದು ಹರಿವಾಣದಲ್ಲಿಟ್ಟರು. ಹಿರಿಯರನ್ನು ಕರೆಯಲು ನಾವಿಬ್ಬರೂ ಹೋದೆವು. ಅವರು ಏನೂ ಕೇಳದೆ ವೀಳ್ಯ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

ಆ ತಿರುಗಾಟದಲ್ಲಿ ನಾನು ಒಂದು ಶನಿವಾರ ಬೆಳಗಿನವರೆಗೂ ಚೌಕಿಯಲ್ಲಿ ಕುಳಿತೆ. ಅವರು ದೂತನ ವೇಷ ಕಳಚಿ ಬಂದವರು ಕೂರಲೇ ಇಲ್ಲ. ಬಣ್ಣದ ವೇಷದ ಹುಡುಗನ ಮುಖಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿದ ಚುಟ್ಟಿ ಇಟ್ಟರು. ಗಂಟೆಗಟ್ಟಲೆ ಹಿಡಿಯುವ ಕೆಲಸ ಅದು. ಹೊಸಬನೊಬ್ಬನಿಗೆ ಮುಂದಿನ ಪದ್ಯಕ್ಕೆ ಏನು ಅರ್ಥ ಹೇಳಬೇಕೆಂದು ಕಿವಿಯಲ್ಲಿ ಉಸುರಿದರು. ನಿದ್ದೆ ತೂಗುವ ಬಾಲವೇಷದ ಹುಡುಗರನ್ನು ಸರಿಯಾದ ಹೊತ್ತಿಗೆ ಎಬ್ಬಿಸಿ ಮುಖ ತೊಳೆಸಿದರು. ಅವರಲ್ಲೊಬ್ಬ ಹೆದರಿಕೆಯಿಂದ ರಾತ್ರಿ ಉಂಡಿರಲಿಲ್ಲ. ಅವನ ಪಾಲನ್ನು ಬಾಳೆಲೆಯಲ್ಲಿ ಮುಚ್ಚಿಟ್ಟಿದ್ದರು. ಅವನು ಕುಣಿದು ಬಂದ ಮೇಲೆ ಪಕ್ಕದಲ್ಲಿ ಕುಳಿತು ಉಣಿಸಿದರು. ಇದಕ್ಕೆಲ್ಲ ನನ್ನ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ.

ಅವರು ಇನ್ನೂ ಮೂರು ತಿರುಗಾಟ ಮಾಡಿದರು. ಮೇಳ ಉಳಿಯಿತೇ ಎಂದು ಮೊಮ್ಮಗಳು ಕೇಳಿದಳು. ಇಲ್ಲ ಮಗಾ. ಮನೆಮನೆಗೆ ಟಿವಿ ಬಂತು, ಟಿಕೇಟು ಕೊಳ್ಳುವವರು ಕಡಿಮೆಯಾದರು. ತೊಂಬತ್ತರ ದಶಕದಲ್ಲಿ ಒಂದು ವರ್ಷ ಯಜಮಾನರು ಡೇರೆ ಮಾರಿದರು. ಆ ದುಡ್ಡಿನಲ್ಲಿ ಮೊದಲು ಎಲ್ಲರ ಬಾಕಿ ತೀರಿಸಿದರು, ಕೊನೆಗೆ ಅಮ್ಮನ ಸರ ಬಿಡಿಸಿದರು. ಹಿರಿಯರನ್ನು ಬಿಟ್ಟಿದ್ದರೂ ಮೇಳ ಮುಚ್ಚುತ್ತಿತ್ತು, ಇಟ್ಟುಕೊಂಡರೂ ಮುಚ್ಚಿತು. ಮುಚ್ಚುವ ದಿನ 40 ಜನರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ಅಂದು ಯಜಮಾನರನ್ನು ನಾವು ಬಲವಂತದಿಂದ ಮೊದಲು ಕೂರಿಸಿದೆವು.

ಈಗ ನಮ್ಮಲ್ಲಿ ಹೆಚ್ಚಿನವು ಹರಕೆಯ ಆಟಗಳು. ಆಡಿಸುವ ಮನೆಯವರೇ ಬಂದವರಿಗೆಲ್ಲ ಊಟ ಹಾಕುತ್ತಾರೆ, ಟಿಕೇಟಿಲ್ಲ. ಅನೇಕ ಕಡೆ ಕಾಲಮಿತಿಯ ಆಟ, ಬೆಳಗಿನವರೆಗೆ ಕೂರಬೇಕೆಂದೂ ಇಲ್ಲ. ನನಗೂ ಈಗ ಮೊಣಗಂಟು ನೋವು. ಊಟವಾದ ಮೇಲೆ ಮೆಲ್ಲನೆ ಚೌಕಿಯ ಕಡೆ ಹೋಗಿ ಒಂದು ಗಳಿಗೆ ನಿಂತು ಬರುತ್ತೇನೆ.

ಮೊಮ್ಮಗಳು ಪುಸ್ತಕದ ಆ ಪುಟ ತಿರುವಿ, ಅಳಿಸಿದ ಪೆನ್ಸಿಲ್ ಗುರುತಿನ ಮೇಲೆ ಬೆರಳಾಡಿಸಿದಳು. ಏನೂ ಹೇಳದೆ ಎದ್ದು ಹೋದಳು. ರಾತ್ರಿ ಊಟಕ್ಕೆ ಕುಳಿತಾಗ ಕೇಳಿದಳು:

"ಅಜ್ಜಾ, ದೂತನಿಗೂ ಗೆಜ್ಜೆ ಉಂಟಾ?"

"ಉಂಟು" ಎಂದೆ.